ನಟಿಯ ಬಾಳು, ನಟಿಯ ದುಡಿಮೆ: ಹಳೆಯ ತಾರೆಯರ ಜೀವನಚರಿತ್ರೆಗಳು ಎಲ್ಲಿಗೆ ಬಂದಿವೆ?

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ನಿರ್ದೇಶಕ ವೈ.ವಿ. ರಾವ್, ಇಂದ್ರಜಿತುವಿನ ಪಾತ್ರ ಮಾಡಿದ ಸುಬ್ಬಯ್ಯನಾಯ್ಡು, ರಾವಣನಾಗಿದ್ದ ಆರ್. ನಾಗೇಂದ್ರರಾಯರು, ಇವರ ಬಗ್ಗೆ ಓದಲು ಬೇಕಾದಷ್ಟಿದೆ. ಚಿತ್ರಕ್ಕೆ ಯಾರ ಹೆಸರನ್ನು ಇಟ್ಟಿದ್ದರೋ ಆ ಸುಲೋಚನೆಯಾಗಿ ನಟಿಸಿದವರು ತ್ರಿಪುರಾಂಬ. ಅವರ ವಿಷಯ ಬಂದಾಗ ಮಾತ್ರ ನಮ್ಮ ಚರಿತ್ರೆಯ ಪುಸ್ತಕಗಳು ಪಾತ್ರವರ್ಗದ ಪಟ್ಟಿಯ ಆಚೆಗೆ ಹೋಗುವುದು ಅಪರೂಪ. ಮಂಡೋದರಿಯಾಗಿದ್ದ ಲಕ್ಷ್ಮೀಬಾಯಿ ಅವರ ಪಾಡೂ ಹೆಚ್ಚುಕಡಿಮೆ ಅಷ್ಟೆ. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತೆಗೆದ ಆ ಚಿತ್ರದ ಪ್ರಿಂಟೂ ಉಳಿದಿಲ್ಲ.

ಈ ಕೊರತೆ ಕನ್ನಡಕ್ಕಷ್ಟೇ ಸೀಮಿತವಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಕೂಡ ಕಳೆದುಹೋಗಿದೆ. ಅದರ ನಾಯಕಿ ಜುಬೇದಾ ಅವರ ಅಭಿನಯವನ್ನು ನಾವು ಸ್ಥಿರಚಿತ್ರಗಳಿಂದ ಊಹಿಸಿಕೊಳ್ಳಬೇಕು. ಆದರೂ ಕಳೆದ ಐವತ್ತು ವರ್ಷಗಳಲ್ಲಿ ಹಳೆಯ ನಟಿಯರ ಬಗ್ಗೆ ಮರಾಠಿ, ಬಂಗಾಳಿ, ತೆಲುಗು, ಇಂಗ್ಲಿಷ್‌ಗಳಲ್ಲಿ ಸಾಕಷ್ಟು ಪುಸ್ತಕಗಳು ಬಂದಿವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಅಂತೆಕಂತೆಗಳ ಮೂಟೆಗಳೂ ಇವೆ. ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಬಹುಪಾಲು ಲೇಖಕರು ನಟಿಯ ಬದುಕನ್ನು ಕೊನೆಯಿಂದ ಹಿಂದಕ್ಕೆ ಓದಿದ್ದಾರೆ. ಸಾವು, ಕೈಕೊಟ್ಟ ಪ್ರೇಮ, ಕುಡಿತ, ಬಡತನ ಇವನ್ನು ಮೊದಲೇ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಪೀಠಿಕೆ ಮಾಡಿದ್ದಾರೆ. ಬಾಳಿಕೆ ಬಂದಿರುವ ಪುಸ್ತಕಗಳಾದರೋ ನಟಿ ದಿನವೂ ಮಾಡಿದ ಕೆಲಸದ ಜಾಡನ್ನು ಬಿಡದೆ ಹಿಡಿದಂಥವು.

ಗಾಳಿಮಾತಿನಿಂದ ಪುಸ್ತಕಕ್ಕೆ

ನಟಿಯರ ಬಗೆಗಿನ ಬರವಣಿಗೆ ಶುರುವಾದದ್ದು ಪತ್ರಿಕೆಗಳಲ್ಲಿ. 1935ರಲ್ಲಿ ಬಾಬುರಾವ್ ಪಟೇಲ್ ಮುಂಬಯಿಯಿಂದ ಹೊರಡಿಸಿದ ‘ಫಿಲ್ಮ್ ಇಂಡಿಯಾ’ ಹೊಗಳಿದರೆ ಅಟ್ಟಕ್ಕೇರಿಸುತ್ತಿತ್ತು, ತೆಗಳಿದರೆ ಚರ್ಮ ಸುಲಿಯುತ್ತಿತ್ತು. ಅದರ ಹಳೆಯ ಸಂಚಿಕೆಗಳು ಈಗ ಡಿಜಿಟಲ್ ರೂಪದಲ್ಲಿ ಸಿಗುವುದರಿಂದ ಸಂಶೋಧಕರು ಮೊದಲು ತೆರೆಯುವುದು ಅವನ್ನೇ. ಸುದ್ದಿಯ ದಿನಾಂಕಕ್ಕೆ, ಜಾಹೀರಾತಿಗೆ ಅದು ಚಿನ್ನದ ಗಣಿ. ಆದರೆ ಸಂಪಾದಕರಿಗೆ ಯಾರ ಮೇಲೆ ಒಲವು, ಯಾರ ಮೇಲೆ ಮುನಿಸು ಎಂದು ತಿಳಿಯದೆ ಅದನ್ನು ನೆಚ್ಚಿಕೊಂಡರೆ ದಾರಿ ತಪ್ಪುವುದು ಖಂಡಿತ.

ನಂತರದ ಹೆಜ್ಜೆ ಸಾದತ್ ಹಸನ್ ಮಂಟೋ ಅವರದು. ಮುಂಬಯಿಯ ಸ್ಟುಡಿಯೋಗಳಲ್ಲಿ ಕಥೆ ಬರೆಯುತ್ತ ಕಂಡದ್ದನ್ನು ಅವರು ದೇಶವಿಭಜನೆಯ ನಂತರ ಲಾಹೋರಿನಲ್ಲಿ ಕೂತು ವ್ಯಕ್ತಿಚಿತ್ರಗಳಾಗಿ ಬರೆದರು. ನರ್ಗಿಸ್, ನಸೀಮ್ ಬಾನು, ಸಿತಾರಾದೇವಿ, ನೂರ್ ಜಹಾನ್ ಅವುಗಳಲ್ಲಿ ಕಣ್ಣೆದುರೇ ಓಡಾಡುತ್ತಾರೆ. ಕಣ್ಣಾರೆ ಕಂಡವನ ಬರಹವೆಂಬ ಕಾರಣಕ್ಕೆ ಮಂಟೋ ಮಾತನ್ನು ದಾಖಲೆಯೆಂದೇ ಎತ್ತಿಕೊಳ್ಳುವವರು ಬಹಳ. ಆದರೆ ಅವರು ಕಥೆಗಾರರು. ಕಥೆಗೆ ಬೇಕಾದ ಜಾಗದಲ್ಲಿ ಬೆಳಕು ಬಿಟ್ಟು, ಬೇಡವಾದ ಕಡೆ ಕತ್ತಲೆ ಉಳಿಸುತ್ತಾರೆ.

1972ರ ಫೆಬ್ರುವರಿ 4ರಂದು ‘ಪಾಕೀಜಾ’ ಬಿಡುಗಡೆಯಾಯಿತು. ಮಾರ್ಚ್ 31ರಂದು ಮೀನಾ ಕುಮಾರಿ ತೀರಿಕೊಂಡರು. ಅದೇ ವರ್ಷ ವಿನೋದ್ ಮೆಹ್ತಾ ಬರೆದ ಆಕೆಯ ಜೀವನಚರಿತ್ರೆ ಹೊರಬಂತು. ಮುಂದೆ ಹೆಸರಾಂತ ಸಂಪಾದಕರಾದ ಮೆಹ್ತಾ ಆಗಿನ್ನೂ ಹೊಸಬರು. ಆ ನಟಿಯನ್ನು ಒಮ್ಮೆಯೂ ಭೇಟಿಯಾದವರಲ್ಲ. ಆ ಮಾತನ್ನು ಮುಚ್ಚಿಡದೆ, ಒಬ್ಬೊಬ್ಬರು ಒಂದೊಂದು ಬಗೆ ಹೇಳುವುದನ್ನು ಹಾಗೆಯೇ ಓದುಗರ ಮುಂದಿಟ್ಟದ್ದು ಆ ಪುಸ್ತಕದ ಬಲ. 2013ರಲ್ಲಿ ಅದು ಮರುಮುದ್ರಣ ಕಂಡು ಮತ್ತೊಂದು ತಲೆಮಾರನ್ನು ತಲುಪಿತು.

ಟಿ.ಜೆ.ಎಸ್. ಜಾರ್ಜ್ 1994ರಲ್ಲಿ ನರ್ಗಿಸ್ ಬಗ್ಗೆ ಬರೆದಾಗ ಈ ಪ್ರಕಾರ ಇನ್ನೂ ಒಂದು ಮೆಟ್ಟಿಲು ಏರಿತು. ಬೆಂಗಳೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಈ ಪತ್ರಕರ್ತರು ಮಗಳ ಕಥೆಯನ್ನು ತಾಯಿ ಜದ್ದನ್‌ಬಾಯಿಯಿಂದ ಆರಂಭಿಸುತ್ತಾರೆ. ಹಾಡುಗಾರ್ತಿಯರ ಮನೆತನದಿಂದ ಬಂದ ಜದ್ದನ್‌ಬಾಯಿ 1930ರ ದಶಕದಲ್ಲಿ ಚಿತ್ರ ನಿರ್ದೇಶಿಸಿದವರು, ಸಂಗೀತ ಕೊಟ್ಟವರು. ತಾಯಿಯ ವ್ಯವಹಾರಜ್ಞಾನ ತಿಳಿಯದೆ ಮಗಳ ವೃತ್ತಿ ಅರ್ಥವಾಗದೆಂಬುದನ್ನು ಜಾರ್ಜ್ ಕಾಣಿಸಿದರು. ಖತೀಜಾ ಅಕ್ಬರ್ ಅವರ ‘ಮಧುಬಾಲಾ’ (1997), ಡೊರೊಥೀ ವೆನ್ನರ್ ಜರ್ಮನ್‌ನಲ್ಲಿ ಬರೆದ ‘ಫಿಯರ್‌ಲೆಸ್ ನಾಡಿಯಾ’ ಇದರ ನಂತರದವು.

ಆಮೇಲೆ ವಿಶ್ವವಿದ್ಯಾಲಯಗಳ ಸರದಿ. ನೀಪಾ ಮಜುಂದಾರ್ ಅವರ ‘ವಾಂಟೆಡ್ ಕಲ್ಚರ್ಡ್ ಲೇಡೀಸ್ ಓನ್ಲಿ!’ (2009) ಒಂದು ಪ್ರಶ್ನೆಯನ್ನು ಹಿಡಿದು ಹೊರಟಿತು: ಸಿನಿಮಾಕ್ಕೆ ಮರ್ಯಾದಸ್ಥ ಮನೆತನದ ಹೆಂಗಸರು ಬೇಕು ಎಂಬ ಕೂಗು ಎದ್ದಾಗ, ಅಲ್ಲಿಯವರೆಗೆ ಆ ಉದ್ಯಮವನ್ನು ಹೊತ್ತಿದ್ದವರ ಗತಿ ಏನಾಯಿತು? ದೇಬಶ್ರೀ ಮುಖರ್ಜಿ ಅವರ ‘ಬಾಂಬೆ ಹಸ್ಲ್’ (2020) ಸ್ಟುಡಿಯೋವನ್ನು ಕಾರ್ಖಾನೆಯಂತೆ, ನಟಿಯನ್ನು ಅಲ್ಲಿಯ ದುಡಿಮೆಗಾರಳಂತೆ ಕಂಡಿತು.

ಅವರೇ ಹೇಳಿಕೊಂಡದ್ದು

ಆತ್ಮಕಥೆಗಳ ವಿಷಯದಲ್ಲಿ ಮರಾಠಿಯದೇ ಮೇಲುಗೈ. ಹಂಸಾ ವಾಡ್ಕರ್ ಅವರ ‘ಸಾಂಗತ್ಯೆ ಐಕಾ’ (1970) ಪತ್ರಕರ್ತ, ಕಾದಂಬರಿಕಾರ ಅರುಣ್ ಸಾಧು ಕೇಳಿ ಬರೆದುಕೊಂಡ ನಿರೂಪಣೆ. ಹೇಳುವವರ ಬಾಯಲ್ಲಿ ನೆನಪು ಹೇಗೆ ಹಿಂದುಮುಂದಾಗಿ ಬಂತೋ ಹಾಗೆಯೇ ಉಳಿಸಿದ್ದರಿಂದ ಅದಕ್ಕೊಂದು ಬಿರುಸು ಬಂದಿದೆ. ಶ್ಯಾಮ್ ಬೆನೆಗಲ್ ಅದನ್ನು ಆಧರಿಸಿ ‘ಭೂಮಿಕಾ’ (1977) ಮಾಡಿದರು. ಸ್ಮಿತಾ ಪಾಟೀಲ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ದುರ್ಗಾ ಖೋಟೆ ಅವರ ‘ಮೀ ದುರ್ಗಾ ಖೋಟೆ’ಯ ಧಾಟಿ ಬೇರೆ. ಸ್ಥಿತಿವಂತ ಮನೆತನದ ಹೆಣ್ಣುಮಗಳು ಹಣದ ಅಡಚಣೆಯಿಂದ ಬಣ್ಣ ಹಚ್ಚಿದ್ದು, ‘ಅಯೋಧ್ಯೇಚಾ ರಾಜಾ’ದ (1932) ಮೂಲಕ ಹೆಸರು ಪಡೆದದ್ದು, ಮುಂದೆ ತಾವೇ ಸಂಸ್ಥೆ ಕಟ್ಟಿ ಚಿಕ್ಕ ಚಿತ್ರಗಳನ್ನು ತಯಾರಿಸಿದ್ದು, ಎಲ್ಲವೂ ಲೆಕ್ಕ ಒಪ್ಪಿಸಿದಷ್ಟು ಸ್ಪಷ್ಟವಾಗಿ ಬರುತ್ತವೆ. ಬಂಗಾಳದ ಕಾನನ್ ದೇವಿ, ತೆಲುಗಿನ ಭಾನುಮತಿ ಕೂಡ ತಮ್ಮ ಕಥೆ ಬರೆದರು. ಸ್ಟುಡಿಯೋ ಒಡತಿಯೂ ನಿರ್ದೇಶಕಿಯೂ ಆಗಿದ್ದ ಭಾನುಮತಿ ಅವರ ‘ನಾಲೋ ನೇನು’ ಸಿನಿಮಾ ಪುಸ್ತಕಕ್ಕಿರುವ ರಾಷ್ಟ್ರಪ್ರಶಸ್ತಿ ಗಳಿಸಿತು.

ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ಣೀಸ್, 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿಗೆ ಮುಖ ಕೊಟ್ಟ ಮೊದಲ ಭಾರತೀಯ ತಾರೆ, ‘ಚಂದೇರಿ ದುನಿಯೇತ್’ ಎಂಬ ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಹುಬ್ಬಳ್ಳಿ ಕಡೆಯಿಂದ ಹೋಗಿ ವಿ. ಶಾಂತಾರಾಮ್ ಅವರ ‘ಮಾಣೂಸ್’ (1939) ಚಿತ್ರದ ನಾಯಕಿಯಾದ ಶಾಂತಾ ಹುಬ್ಳೀಕರ್ ಅವರ ಆತ್ಮಕಥೆಯೂ ಮರಾಠಿಯದೇ. ಈ ನೆಲದ ಹೆಣ್ಣುಮಕ್ಕಳು ತಮ್ಮ ಬಾಳನ್ನು ಪಕ್ಕದ ಭಾಷೆಯಲ್ಲಿ ಹೇಳಿಕೊಂಡರು. ಅದನ್ನು ಕೇಳಿಸಿಕೊಳ್ಳಲು ನಾವು ಮನಸ್ಸು ಮಾಡಿದ್ದು ಸಾಲದು.

ಆತ್ಮಕಥೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹೇಳುವಾಗ ಬದುಕಿದ್ದವರ ಮುಲಾಜು, ಮಕ್ಕಳ ಮದುವೆ, ನ್ಯಾಯಾಲಯದ ಹೆದರಿಕೆ, ಎಲ್ಲವೂ ಕೈ ಹಿಡಿದು ಜಗ್ಗುತ್ತವೆ. ಮೇಲುಕೋಟೆಯಲ್ಲಿ ಹುಟ್ಟಿ, ಕನ್ನಡದ ‘ಚಿನ್ನದ ಗೊಂಬೆ’ಯಿಂದ (1964) ನಾಯಕಿಯಾದ ಜಯಲಲಿತಾ 1970ರ ದಶಕದ ಕೊನೆಗೆ ತಮಿಳಿನ ‘ಕುಮುದಂ’ ವಾರಪತ್ರಿಕೆಯಲ್ಲಿ ತಮ್ಮ ಕಥೆ ಬರೆಯತೊಡಗಿದ್ದರು. ಅದು ಅರ್ಧಕ್ಕೇ ನಿಂತಿತು. ನಿಂತ ಜಾಗ ಯಾವುದು, ಯಾಕೆ ಅಲ್ಲಿ ನಿಂತಿತು ಎಂಬುದೂ ಜೀವನಚರಿತ್ರೆಕಾರನಿಗೆ ಒಂದು ಸುಳಿವು.

ಕಾಗದಪತ್ರ ಎಲ್ಲಿದೆ?

ನಟಿಯರ ಬಗ್ಗೆ ದಾಖಲೆಯೇ ಇಲ್ಲ ಎಂಬುದು ಸೋಮಾರಿ ಮಾತು. ದಾಖಲೆ ಚೆಲ್ಲಾಪಿಲ್ಲಿಯಾಗಿದೆ ಎಂಬುದು ನಿಜ.

ಹಾಡಿನ ಪುಸ್ತಕವನ್ನೇ ನೋಡಿ. ಟಾಕೀಸಿನ ಬಾಗಿಲಲ್ಲಿ ಒಂದೋ ಎರಡೋ ಆಣೆಗೆ ಮಾರುತ್ತಿದ್ದ ಈ ತೆಳ್ಳನೆಯ ಪುಸ್ತಿಕೆಯ ಮುಖಪುಟದಲ್ಲಿ ಸಾಮಾನ್ಯವಾಗಿ ನಾಯಕಿಯ ಚಿತ್ರ. ಒಳಗೆ ಪಾತ್ರವರ್ಗ, ತಾಂತ್ರಿಕವರ್ಗ, ಕಥಾಸಾರ, ಕಥಾಸಾರ ಬಿಗಿಯಾಗುವ ಹೊತ್ತಿಗೆ ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಸೂಚನೆ, ಕೊನೆಗೆ ಹಾಡುಗಳು. ಇಷ್ಟರಲ್ಲೇ ಎಷ್ಟು ಸಂಗತಿ ಸಿಗುತ್ತದೆ! ನಾಯಕಿಯ ಹೆಸರು ಪಟ್ಟಿಯಲ್ಲಿ ಎಷ್ಟನೆಯದು, ಹೆಸರಿನ ಹಿಂದೆ ‘ಮಿಸ್’ ಇದೆಯೋ ‘ಕುಮಾರಿ’ಯೋ ‘ಶ್ರೀಮತಿ’ಯೋ, ಹಾಡಿದವರು ಅವರೋ ಬೇರೆಯವರೋ, ಯಾವ ನಾಟಕ ಕಂಪನಿಯಿಂದ ಬಂದವರು? ಐದಾರು ಚಿತ್ರಗಳ ಪುಸ್ತಿಕೆಗಳನ್ನು ಸಾಲಾಗಿ ಇಟ್ಟರೆ ಒಬ್ಬ ನಟಿಯ ಏರಿಳಿತ ಕಣ್ಣಿಗೆ ಕಟ್ಟುತ್ತದೆ. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್ರಾಜ್’ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಕಟ್ಟುವಾಗ ನೆಚ್ಚಿಕೊಂಡದ್ದು ಇಂಥ ಪುಸ್ತಿಕೆಗಳನ್ನು ಮತ್ತು ಗ್ರಾಮಫೋನ್ ರೆಕಾರ್ಡುಗಳನ್ನು.

ಎರಡನೆಯದು ಸೆನ್ಸಾರ್ ದಾಖಲೆ. ಚಿತ್ರದ ಹೆಸರು, ನಿರ್ಮಾಪಕರು, ಅಡಿಗಳಲ್ಲಿ ಉದ್ದ, ಪ್ರಮಾಣಪತ್ರದ ದಿನಾಂಕ ಸರ್ಕಾರಿ ಗೆಜೆಟ್‌ಗಳಲ್ಲಿ ಅಚ್ಚಾಗುತ್ತಿದ್ದವು. ವಾಕ್ಚಿತ್ರದ 35 ಮಿ.ಮೀ. ರೀಲು ನಿಮಿಷಕ್ಕೆ 90 ಅಡಿ ಓಡುತ್ತದೆ. ಗೆಜೆಟ್‌ನಲ್ಲಿ 16,000 ಅಡಿ ಎಂದಿದ್ದರೆ ಚಿತ್ರ ಸುಮಾರು 178 ನಿಮಿಷದ್ದು. ಇಂದು ಸಿಗುವ ಪ್ರತಿ ಎರಡು ಗಂಟೆಗೇ ಮುಗಿದರೆ ಒಂದು ಗಂಟೆಯಷ್ಟು ಅಭಿನಯ ಕತ್ತರಿಗೋ ಗೆದ್ದಲಿಗೋ ಹೋಗಿದೆ ಎಂದರ್ಥ. ನಟಿಯ ಪಾತ್ರ ಚಿಕ್ಕದಾಗಿತ್ತೆಂದು ತೀರ್ಪು ಕೊಡುವ ಮೊದಲು ಈ ಲೆಕ್ಕ ಹಾಕಬೇಕು.

ಮೂರನೆಯದು ಸಂಗ್ರಹಗಳು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಆರಂಭವಾಗುವ ಹೊತ್ತಿಗೇ ಮೂಕಿ ಯುಗದ ಬಹುಪಾಲು ಫಿಲ್ಮಿನಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಹೋಗಿತ್ತು, ಉಳಿದಷ್ಟನ್ನು ಪಿ.ಕೆ. ನಾಯರ್ ಊರೂರು ಅಲೆದು ಕೂಡಿಸಿದರು. ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯದಲ್ಲಿ ಹಾಡಿನ ಪುಸ್ತಕಗಳ, ಹ್ಯಾಂಡ್‌ಬಿಲ್‌ಗಳ ರಾಶಿಯಿದೆ. ಫಿಲ್ಮ್ ನ್ಯೂಸ್ ಆನಂದನ್ ಒಬ್ಬರೇ ತಮಿಳು ಚಿತ್ರಗಳ ಪಟ್ಟಿ ಬೆಳೆಸಿದರು. ಕನ್ನಡ ಚಿತ್ರಗಳ ಚಿತ್ರೀಕರಣ ಬಹುಕಾಲ ಕೊಲ್ಹಾಪುರ, ಕೊಯಮತ್ತೂರು, ಸೇಲಂ, ಮದರಾಸುಗಳಲ್ಲಿ ನಡೆದದ್ದರಿಂದ ನಮ್ಮ ನಟಿಯರ ಗುರುತುಗಳೂ ಅಲ್ಲೆಲ್ಲ ಹಂಚಿಹೋಗಿವೆ. ಬಿ. ಸರೋಜಾದೇವಿ ಅವರ ವೃತ್ತಿಯನ್ನು ಕನ್ನಡ ಪತ್ರಿಕೆಗಳಿಂದಷ್ಟೇ ಬರೆಯಹೊರಟರೆ ಸಿಗುವುದು ಮುಕ್ಕಾಲು ಖಾಲಿ ಪುಟ. ತಮಿಳು, ತೆಲುಗು ಓದಲು ಬಾರದವರು ಆ ಕೆಲಸಕ್ಕೆ ಕೈಹಾಕುವಂತಿಲ್ಲ.

ದಂತಕಥೆ, ಮರೆಮಾಚು, ಮೌನ

ದಾಖಲೆ ಸಿಕ್ಕ ಮೇಲೂ ಮೂರು ಬಗೆಯ ತೊಡಕು ಎದುರಾಗುತ್ತದೆ.

ಮೊದಲನೆಯದು ದಂತಕಥೆ. ‘ಕರ್ಮ’ (1933) ಚಿತ್ರದಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ನಾಲ್ಕು ನಿಮಿಷ ಚುಂಬಿಸಿದರೆಂದು ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ. ಚಿತ್ರ ಉಳಿದಿದೆ. ಗಡಿಯಾರ ಹಿಡಿದು ನೋಡಿದರೆ ಅಷ್ಟು ಉದ್ದದ ಚುಂಬನ ಅದರಲ್ಲಿಲ್ಲ. ಹಾವು ಕಚ್ಚಿ ಪ್ರಜ್ಞೆತಪ್ಪಿದ ರಾಜಕುಮಾರನನ್ನು ರಾಜಕುಮಾರಿ ಎಬ್ಬಿಸಲು ಹೆಣಗುವ ದೃಶ್ಯ ಅದು. ನೋಡಬಹುದಾದದ್ದನ್ನೂ ನೋಡದೆ ಬರೆಯುವ ಚಾಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಎರಡನೆಯದು ನಟಿ ತಾನೇ ಕಟ್ಟಿಕೊಂಡ ಮರೆ. 1935ರ ‘ದಿ ಡಾರ್ಕ್ ಏಂಜೆಲ್’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದ ಮರ್ಲ್ ಓಬೆರಾನ್ ತಾವು ಟಾಸ್ಮೇನಿಯಾದವರೆಂದು ಜೀವನಪೂರ್ತಿ ಹೇಳಿಕೊಂಡರು. ಹುಟ್ಟಿದ್ದು 1911ರಲ್ಲಿ, ಮುಂಬಯಿಯಲ್ಲಿ. 1983ರಲ್ಲಿ ಚಾರ್ಲ್ಸ್ ಹೈಯಮ್ ಮತ್ತು ರಾಯ್ ಮೋಸ್ಲಿ ಬರೆದ ಜೀವನಚರಿತ್ರೆ ಗುಟ್ಟನ್ನು ಒಡೆಯಿತು. ಆದರೆ ತಾಯಿಯೆಂದು ತಿಳಿದಿದ್ದವರು ನಿಜದಲ್ಲಿ ಅಜ್ಜಿ ಎಂಬ ಇನ್ನೊಂದು ಗುಟ್ಟು, ಬಂಧುವೊಬ್ಬರು ಮುಂಬಯಿಯ ಜನನ ದಾಖಲೆಯನ್ನು ಹುಡುಕಿ ತೆಗೆದು, ಎಷ್ಟೋ ವರ್ಷ ಸುಮ್ಮನಿದ್ದು, ಮಾರೀ ಡೆಲೊಫ್‌ಸ್ಕಿ ಅವರ 2002ರ ಸಾಕ್ಷ್ಯಚಿತ್ರದ ಹೊತ್ತಿಗೆ ಬಾಯಿಬಿಟ್ಟ ಮೇಲಷ್ಟೇ ಹೊರಬಿತ್ತು. ಮಿಶ್ರ ಜನಾಂಗದವರೆಂದು ತಿಳಿದಿದ್ದರೆ ಅಂದಿನ ಹಾಲಿವುಡ್ ಅವರಿಗೆ ನಾಯಕಿಯ ಪಾತ್ರ ಕೊಡುತ್ತಿರಲಿಲ್ಲ. ಆ ಸುಳ್ಳಿನ ಹಿಂದಿದ್ದುದು ಹೊಟ್ಟೆಪಾಡು. ನಮ್ಮ ನಟಿಯರ ಹುಟ್ಟಿದ ವರ್ಷಗಳ ಗೊಂದಲವನ್ನೂ ಹೀಗೆಯೇ ಓದಬೇಕು. ಪಂಡರಿಬಾಯಿ ಅವರದು 1928 ಎಂದು ಒಂದು ಕಡೆ, 1930 ಎಂದು ಇನ್ನೊಂದು ಕಡೆ. ನಾಯಕಿಯ ಆಯಸ್ಸು ಕಡಿಮೆಯಿರುವ ಉದ್ಯಮದಲ್ಲಿ ಎರಡು ವರ್ಷ ಅಂದರೆ ನಾಲ್ಕಾರು ಚಿತ್ರಗಳ ಸಂಬಳ.

ಮೂರನೆಯದು ಪೂರ್ತಿ ಮೌನ. ಮಲಯಾಳದ ಮೊದಲ ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ‘ವಿಗತಕುಮಾರನ್’ ಮೂಕಿ ಚಿತ್ರದಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದರೆಂಬ ಕಾರಣಕ್ಕೆ ಮೇಲ್ಜಾತಿಯವರು ತಿರುವನಂತಪುರದಿಂದ ಅವರನ್ನು ಓಡಿಸಿದರು. ಚಿತ್ರ ಉಳಿದಿಲ್ಲ, ತೆರೆಕಂಡದ್ದು 1928ರಲ್ಲೋ 1930ರಲ್ಲೋ ಎಂಬುದೇ ಚರ್ಚೆಯಲ್ಲಿದೆ, ಅವರದೆಂದು ಹರಿದಾಡುವ ಫೋಟೋ ಕೂಡ ಅವರದೇ ಎಂದು ಖಾತ್ರಿಯಿಲ್ಲ. ಇಂಥ ಕಡೆ ವಿನು ಅಬ್ರಹಾಂ ಕಾದಂಬರಿ ಬರೆದರು, ಕಮಲ್ ‘ಸೆಲ್ಯುಲಾಯ್ಡ್’ (2013) ಎಂಬ ಚಿತ್ರ ತೆಗೆದರು. ಕಾದಂಬರಿ ಕಾದಂಬರಿಯೆಂದೇ ಹೇಳಿಕೊಂಡರೆ ತೊಂದರೆಯಿಲ್ಲ. ಜೀವನಚರಿತ್ರೆಯ ಹೆಸರಿನಲ್ಲಿ ಆ ಖಾಲಿ ಜಾಗವನ್ನು ಊಹೆಯಿಂದ ತುಂಬುವುದು ಬೇರೆ ಮಾತು.

ದುಡಿಮೆಯ ಲೆಕ್ಕ

1939ರ ಜುಲೈಯಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದ ಗೇಟಿನ ಮುಂದೆ ಒಬ್ಬ ನಾಯಕಿ ಉಪವಾಸ ಕೂತರು. ‘ಕುಂಕೂ’ (1937) ಚಿತ್ರದಿಂದ ಮನೆಮಾತಾಗಿದ್ದ ಶಾಂತಾ ಆಪ್ಟೆ ಅವರು. ಕಾರಣ ಕರಾರು ಮತ್ತು ಸಂಬಳದ ತಕರಾರು. ಮರುವರ್ಷ ಅವರು ಮರಾಠಿಯಲ್ಲಿ ‘ಜಾಊ ಮೀ ಸಿನೇಮಾತ್?’ ಎಂಬ ಪುಸ್ತಕ ಬರೆದು, ಉದ್ಯಮ ನಟಿಯ ದೇಹಬಲವನ್ನು, ಕಂಠವನ್ನು, ಹೊತ್ತನ್ನು ಹೇಗೆ ಹಿಂಡುತ್ತದೆಂದು ವಿವರಿಸಿದರು. ಬಹುಕಾಲ ಈ ಉಪವಾಸ ತಾರೆಯೊಬ್ಬಳ ಸಿಡುಕಿನ ಕಥೆಯಾಗಿ ಉಳಿದಿತ್ತು. ಹೊಸ ಸಂಶೋಧಕರು ಅದನ್ನು ಕಾರ್ಮಿಕ ಚರಿತ್ರೆಯ ಪುಟವಾಗಿ ಓದಿದರು. ಘಟನೆ ಅದೇ, ಎತ್ತಿದ ಪ್ರಶ್ನೆ ಬೇರೆ. ಹಾಗಾಗಿ ವ್ಯಕ್ತಿಯೂ ಬೇರೆಯಾಗಿ ಕಂಡರು.

ದೇವಿಕಾ ರಾಣಿ ಅವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಮಂಟೋ ಹೇಳಿದ ಕಥೆಯಲ್ಲಿ ಅವರು ಸಹನಟ ನಜ್ಮುಲ್ ಹಸನ್ ಜೊತೆ ಓಡಿಹೋಗಿ ಮರಳಿದವರು. ಆ ಗದ್ದಲದಲ್ಲಿ ಅಶೋಕ್ ಕುಮಾರ್‌ಗೆ ನಾಯಕನ ಪಟ್ಟ ಸಿಕ್ಕಿತು. ಬೆಂಗಳೂರಿನವರಿಗೆ ಅವರು ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ಒಡತಿ, ಚಿತ್ರಕಲಾವಿದ ರೋರಿಕ್ ಅವರ ಪತ್ನಿ. 1994ರಲ್ಲಿ ಅವರು ತೀರಿಕೊಂಡ ಮೇಲೆ ನಡೆದದ್ದೆಲ್ಲ ಜಮೀನಿನ ವ್ಯಾಜ್ಯದ ಸುದ್ದಿ. ಅದು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2011ರಲ್ಲಿ. ಈ ಎರಡು ಕಥೆಗಳ ನಡುವೆ ಬಿಟ್ಟುಹೋದದ್ದು ಅವರ ವೃತ್ತಿಯ ನಡುಭಾಗ. ಕಿಶ್ವರ್ ದೇಸಾಯಿ ‘ದಿ ಲಾಂಗೆಸ್ಟ್ ಕಿಸ್’ (2020) ಬರೆಯುವಾಗ ದೇವಿಕಾ ರಾಣಿ ಅವರ ಪತ್ರಗಳನ್ನು ಆಧಾರವಾಗಿ ಇಟ್ಟುಕೊಂಡರು. 1940ರಲ್ಲಿ ಮೊದಲ ಪತಿ ಹಿಮಾಂಶು ರಾಯ್ ಸತ್ತ ಮೇಲೆ ಬಾಂಬೆ ಟಾಕೀಸನ್ನು ನಡೆಸಿದ, ಒಳಜಗಳ ಎದುರಿಸಿದ, ಹೊಸಬರನ್ನು ಆರಿಸಿದ ಆಡಳಿತಗಾರ್ತಿ ಅಲ್ಲಿ ಕಾಣಿಸುತ್ತಾರೆ. ‘ಜ್ವಾರ್ ಭಾಟಾ’ಕ್ಕೆ (1944) ದಿಲೀಪ್ ಕುಮಾರ್ ಎಂಬ ಹೊಸಬನನ್ನು ಸಂಬಳಕ್ಕೆ ಸೇರಿಸಿಕೊಂಡವರು ಅವರೇ. ಬಾಂಬೆ ಟಾಕೀಸಿನ ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್ ಅವರ ಕುಟುಂಬ ಕಾಪಾಡಿದ ಫೋಟೋಗಳೂ ಈಚೆಗೆ ಪುಸ್ತಕವಾಗಿವೆ. ತೆರೆಯ ಹಿಂದೆ ಯಾರು ಎಲ್ಲಿ ನಿಂತಿದ್ದರೆಂದು ತಿಳಿಯಲು ಅವು ಸಾಕ್ಷಿ.

ಇದೇ ಕಣ್ಣಿನಿಂದ ಭಟ್ಕಳದ ಪಂಡರಿಬಾಯಿ ಅವರನ್ನು ನೋಡಿ. ‘ಬೇಡರ ಕಣ್ಣಪ್ಪ’ (1954) ರಾಜಕುಮಾರ್ ಅವರ ಉದಯದ ಚಿತ್ರ ಎಂದು ಕನ್ನಡ ಓದುತ್ತದೆ. ‘ಪರಾಶಕ್ತಿ’ (1952) ಶಿವಾಜಿ ಗಣೇಶನ್ ಅವರ ಉದಯದ ಚಿತ್ರ ಎಂದು ತಮಿಳು ಓದುತ್ತದೆ. ಎರಡರಲ್ಲೂ ನಾಯಕಿ ಒಬ್ಬರೇ. ‘ವಾಣಿ’ಯಿಂದ (1943) ಕ್ಯಾಮೆರಾ ಎದುರಿಸಿ ಪಳಗಿದ್ದ ಪಂಡರಿಬಾಯಿ ಆ ಎರಡು ಚಿತ್ರಗಳಲ್ಲಿ ಅನುಭವಿ, ಮುಂದೆ ಮಹಾನಟರಾದವರು ಆಗ ಹೊಸಬರು. 1954ರಲ್ಲೇ ಬಂದ ತಮಿಳಿನ ‘ಅಂದ ನಾಳ್’ ಹಾಡುಗಳಿಲ್ಲದ ಚಿತ್ರ; ದೇಶದ್ರೋಹಿ ಗಂಡನನ್ನು ಕೊಂದವರು ಯಾರೆಂಬ ತನಿಖೆ ಕೊನೆಗೆ ಬಂದು ನಿಲ್ಲುವುದು ಹೆಂಡತಿಯಾದ ಅವರ ಮುಂದೆ. ಆ ವರ್ಷ ಕನ್ನಡದಲ್ಲಿ ಬೇಡನ ಭಕ್ತೆ ಹೆಂಡತಿ, ತಮಿಳಿನಲ್ಲಿ ಗಂಡನಿಗೆ ಗುಂಡಿಕ್ಕಿದವಳು. ಮರುವರ್ಷ ‘ಸಂತ ಸಖು’ ಚಿತ್ರಕ್ಕೆ ಅವರೇ ನಿರ್ಮಾಪಕಿ. ಇಷ್ಟೆಲ್ಲ ಇದ್ದೂ ನಮ್ಮ ನೆನಪಿನಲ್ಲಿ ಉಳಿದಿರುವುದು ಕಣ್ಣೀರಿನ ತಾಯಿ.

ಎಂ.ವಿ. ರಾಜಮ್ಮ ಅವರ ಕಥೆಯೂ ಹೀಗೇ. ‘ಸಂಸಾರ ನೌಕೆ’ಯ (1936) ನಾಯಕಿ, 1943ರಲ್ಲಿ ‘ರಾಧಾರಮಣ’ ತಯಾರಿಸಿ ಕನ್ನಡದ ಮೊದಲ ನಿರ್ಮಾಪಕಿ ಎನಿಸಿಕೊಂಡರು. ಬಂಡವಾಳ ಎಲ್ಲಿಂದ ತಂದರು, ಯುದ್ಧಕಾಲದಲ್ಲಿ ಕಚ್ಚಾ ಫಿಲ್ಮ್ ಹೇಗೆ ಹೊಂದಿಸಿದರು, ಹಂಚಿಕೆದಾರರು ಹೆಣ್ಣು ನಿರ್ಮಾಪಕಿಯೊಂದಿಗೆ ಹೇಗೆ ವ್ಯವಹರಿಸಿದರು? ರಾಜಮ್ಮ ಅವರ ಜೀವನಚರಿತ್ರೆಗೆ ಕೈಹಾಕುವವರು ಮೊದಲು ಹಿಡಿಯಬೇಕಾದ ಎಳೆ ಇದು.

ಬಿಳಗಿಯಿಂದ ಮುಂಬಯಿಗೆ

ಕನ್ನಡದಲ್ಲಿ ಈ ದಿಕ್ಕಿನ ಮುಖ್ಯ ಕೆಲಸ ರಹಮತ್ ತರೀಕೆರೆ ಅವರ ‘ಅಮೀರಬಾಯಿ ಕರ್ನಾಟಕಿ’. ಬಿಳಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ನಟಿಯಾಗಿ ಗಾಯಕಿಯಾಗಿ ಬೆಳೆದು, ‘ಕಿಸ್ಮತ್’ನ (1943) ಹಾಡುಗಳಿಂದ ದೇಶದ ಮನೆಮನೆ ತಲುಪಿ, ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದ ಹೆಣ್ಣುಮಗಳು ಅಮೀರಬಾಯಿ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಸಂಗಾತಿ. ಮರಾಠಿ ರಂಗಭೂಮಿಯ ಕಥನದಲ್ಲಿ ಆ ಮಹಾನಟನ ಕುಸಿತಕ್ಕೆ ಹೊಣೆಯೆಂದು ಬೈಸಿಕೊಂಡವರು. ಸೂಫಿಗಳನ್ನು, ನಾಥಪಂಥವನ್ನು ಊರೂರು ತಿರುಗಿ ಅಧ್ಯಯನ ಮಾಡಿದ ತರೀಕೆರೆ ಅವರಿಗೆ ಅಂಚಿನಲ್ಲಿ ಉಳಿದವರ ಬಾಯಿಮಾತನ್ನು ಕೇಳುವ ಅಭ್ಯಾಸವಿತ್ತು. ಹಾಡುವ ಮುಸ್ಲಿಂ ಕುಟುಂಬ, ಕನ್ನಡ–ಮರಾಠಿ ಗಡಿ, ಕಂಪನಿ ನಾಟಕ, ಗ್ರಾಮಫೋನ್ ವ್ಯಾಪಾರ, ಕ್ರೂರಿ ಗಂಡ, ಊರಿಗೆ ಮರಳಿ ಕಟ್ಟಿದ ಟಾಕೀಸು: ಇವೆಲ್ಲ ಒಂದೇ ಬದುಕಿನಲ್ಲಿ ಕೂಡುತ್ತವೆ. ಗಂಡನ ಹಿಂಸೆಯ ಪ್ರಸಂಗವನ್ನಷ್ಟೇ ಹಿಡಿದು ರಂಜಕವಾಗಿ ಬರೆಯುವುದು ಸುಲಭವಿತ್ತು. ಬರೆದಿದ್ದರೆ ಟಾಕೀಸು ಕಟ್ಟಿಸಿದ ಹೆಂಗಸು ನಮಗೆ ಸಿಗುತ್ತಿರಲಿಲ್ಲ.

ಎಲ್ಲಿಯವರೆಗೆ ಬರೆಯಬಹುದು?

ಖಾಸಗಿ ಬದುಕಿನ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆಗದು. ಕಾನೂನು ಒಂದು ಗೆರೆ ಎಳೆದಿದೆ. 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ದಾಖಲೆ ಆಧರಿಸಿ ಬರೆಯಲು ಒಪ್ಪಿಗೆ ಬೇಕಿಲ್ಲ, ಅದರಾಚೆ ಹೋದರೆ ಬರೆದವರೇ ಹೊಣೆ ಎಂದಿತು. ವಾಸಂತಿ ಅವರು ಜಯಲಲಿತಾ ಬಗ್ಗೆ ಬರೆದ ಪುಸ್ತಕಕ್ಕೆ ನ್ಯಾಯಾಲಯದ ತಡೆಯಾಜ್ಞೆ ಬಂದದ್ದೂ ಉಂಟು. ಸಾವಿತ್ರಿ ಅವರ ಬದುಕು ಆಧರಿಸಿದ ‘ಮಹಾನಟಿ’ (2018) ದೊಡ್ಡ ಯಶಸ್ಸು ಕಂಡಾಗ ಪತಿ ಜೆಮಿನಿ ಗಣೇಶನ್ ಅವರ ಕುಟುಂಬದ ಇನ್ನೊಂದು ಕವಲಿನಿಂದ ಆಕ್ಷೇಪ ಬಂತು. ಒಬ್ಬ ನಟಿಯ ಕಥೆ ಹೇಳುವುದೆಂದರೆ ಎರಡು ಮೂರು ಮನೆಗಳ ಕಥೆ ಹೇಳುವುದು; ಎಲ್ಲ ಮನೆಗಳ ಬಾಗಿಲನ್ನೂ ತಟ್ಟುವುದು ಲೇಖಕನ ಕರ್ತವ್ಯ.

ಕನ್ನಡದಲ್ಲಿ ಈ ಪ್ರಶ್ನೆಯ ಕೇಂದ್ರದಲ್ಲಿರುವವರು ಕಲ್ಪನಾ. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಅವರು ತೀರಿಕೊಂಡರು. ಅಂದಿನಿಂದ ಇಂದಿನವರೆಗೆ ಅವರ ಬಗ್ಗೆ ಬರುವ ಬರಹಗಳಲ್ಲಿ ಗೋಟೂರಿಗೆ ಪುಟಗಟ್ಟಲೆ ಜಾಗ, ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ಶರಪಂಜರ’ಗಳಿಗೆ ಒಂದೆರಡು ಸಾಲು. ಮೂರು ಚಿತ್ರಗಳೂ ಹೆಂಗಸರು ಬರೆದ ಕಾದಂಬರಿಗಳಿಂದ ಬಂದವು. ತ್ರಿವೇಣಿ ಮತ್ತು ಎಂ.ಕೆ. ಇಂದಿರಾ ಅವರ ಓದುಗರಾಗಿದ್ದ ಹೆಣ್ಣುಮಕ್ಕಳನ್ನು ಟಾಕೀಸಿಗೆ ಕರೆತಂದದ್ದು ಕಲ್ಪನಾ ಅವರ ಮುಖ ಮತ್ತು ದನಿ. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮರಳಿದ ಮೇಲಿನ ಭಾಗವನ್ನು ಮತ್ತೆ ನೋಡಿ. ಮನೆಮಂದಿ ಸಂಶಯದಿಂದ ನೋಡುತ್ತಿದ್ದಾರೆಂದು ತಿಳಿದು ಸರಿಯಾಗಿರಲು ಆಕೆ ಪಡುವ ಪ್ರಯತ್ನವನ್ನು ಕಲ್ಪನಾ ತಗ್ಗಿದ ದನಿಯಲ್ಲಿ, ಅಳೆದ ನಡಿಗೆಯಲ್ಲಿ ತೋರಿಸುತ್ತಾರೆ. ಕೊನೆಯ ಸ್ಫೋಟಕ್ಕೆ ಬಲ ಬರುವುದು ಆ ಸಂಯಮದಿಂದ. ಇನ್ನು ಗೋಟೂರಿಗೆ ಅವರು ಬಂದದ್ದಾದರೂ ಯಾಕೆ? ನಾಟಕ ಕಂಪನಿಯ ಕ್ಯಾಂಪಿಗೆ. ಚಿತ್ರಗಳು ಕಡಿಮೆಯಾದಾಗ ತಾರೆಯ ಹೆಸರಿಗೆ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯಲ್ಲಿ ಕಲೆಕ್ಷನ್ ಇತ್ತು. ಸಾವಿನ ಸುತ್ತ ನಿಗೂಢ ಹೆಣೆಯುವ ಬದಲು ಆ ವೃತ್ತಿ ಪಯಣವನ್ನು ಬರೆದರೆ ಒಬ್ಬ ನಟಿಯ ಜೊತೆಗೆ ಒಂದು ಕಾಲದ ಆರ್ಥಿಕತೆಯೂ ತಿಳಿಯುತ್ತದೆ.

ಕನ್ನಡದ ಮುಂದಿರುವ ಕೆಲಸ

ದೊಡ್ಡಹುಲ್ಲೂರು ರುಕ್ಕೋಜಿ ಅವರು ರಾಜಕುಮಾರ್ ಬಗ್ಗೆ ಬರೆದ ಬೃಹತ್ ಸಂಪುಟಗಳು ರಾಷ್ಟ್ರಪ್ರಶಸ್ತಿ ಪಡೆದಿವೆ. ಒಬ್ಬ ನಟನ ಜೊತೆಗೆ ಇಡೀ ಉದ್ಯಮದ ಚರಿತ್ರೆಯನ್ನು ಕಟ್ಟಬಹುದೆಂದು ಆ ಪುಸ್ತಕ ತೋರಿಸಿತು. ಅಂಥ ದುಡಿಮೆ ಕನ್ನಡದ ಒಬ್ಬ ನಟಿಗೂ ಸಂದಿಲ್ಲ. ಕಾಲ ಕಾಯುವುದಿಲ್ಲ: 2021ರಲ್ಲಿ ಜಯಂತಿ, 2023ರಲ್ಲಿ ಲೀಲಾವತಿ, 2025ರಲ್ಲಿ ಸರೋಜಾದೇವಿ ಹೋದರು. ಅವರೊಂದಿಗೆ ದುಡಿದ ಮೇಕಪ್‌ನವರು, ವಸ್ತ್ರಾಲಂಕಾರದವರು, ಸಂಕಲನಕಾರರು, ಹಂಚಿಕೆದಾರರ ಕಚೇರಿಯ ಗುಮಾಸ್ತರು ಇನ್ನೂ ಕೆಲವರು ಇದ್ದಾರೆ. ಅವರನ್ನು ಮಾತಾಡಿಸಿ ಧ್ವನಿಮುದ್ರಿಸಿಕೊಳ್ಳುವುದು ಮೊದಲ ಕೆಲಸ. ‘ರೂಪತಾರಾ’, ‘ವಿಜಯಚಿತ್ರ’ಗಳ ಹಳೆಯ ಸಂಚಿಕೆಗಳು ರದ್ದಿಗೆ ಹೋಗುವ ಮುನ್ನ ಸ್ಕ್ಯಾನ್ ಮಾಡಿ ಸೂಚಿ ತಯಾರಿಸುವುದು ಎರಡನೆಯದು. ಪ್ರಗತಿ ಅಶ್ವತ್ಥನಾರಾಯಣ ಅವರಂಥ ಸ್ಥಿರಚಿತ್ರ ಛಾಯಾಗ್ರಾಹಕರ ನೆಗೆಟಿವ್‌ಗಳಲ್ಲಿ ಯಾರು, ಯಾವ ಚಿತ್ರ, ಯಾವ ದಿನ ಎಂದು ಗುರುತು ಹಾಕಿಸುವುದು ಮೂರನೆಯದು. ಲೀಲಾ ಚಿಟ್ಣೀಸ್, ಶಾಂತಾ ಹುಬ್ಳೀಕರ್ ಅವರ ಆತ್ಮಕಥೆಗಳು ಕನ್ನಡ ಓದುಗರ ಕೈಗೆ ಸಿಗಬೇಕಾದದ್ದು ನಾಲ್ಕನೆಯದು. ಇವು ಒಬ್ಬರ ಕೈಲಾಗುವ ಕೆಲಸವಲ್ಲ. ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಮಹಿಳಾ ಅಧ್ಯಯನ ವಿಭಾಗಗಳು ಜೊತೆಗೂಡಿದರೆ ಮೂರು ನಾಲ್ಕು ವರ್ಷಗಳಲ್ಲಿ ಮುಗಿಯಬಲ್ಲದ್ದು.

ಬರೆಯಲು ಕೂರುವವರಿಗೆ ಹೇಳಬೇಕಾದದ್ದು ಇಷ್ಟೇ. ಮೊದಲು ಚಿತ್ರಗಳ ಪಟ್ಟಿಯನ್ನು ದಿನಾಂಕ ಸಹಿತ ಸರಿಮಾಡಿಕೊಳ್ಳಿ, ಸಿಗುವ ಚಿತ್ರಗಳನ್ನೆಲ್ಲ ನೋಡಿ, ಸಂಬಳ ಎಷ್ಟು, ಕರಾರು ಯಾರೊಂದಿಗೆ, ಮನೆ ನಡೆಸಿದವರು ಯಾರು ಎಂದು ಕೇಳಿ. ಯಾರನ್ನು ಪ್ರೀತಿಸಿದರು ಎಂಬ ಪ್ರಶ್ನೆ ಇವೆಲ್ಲದರ ಹಿಂದೆ ಬರಲಿ. ಸಾವಿನ ಅಧ್ಯಾಯ ಕೊನೆಗೆ ಇರಲಿ, ದುಡಿಮೆಯ ಅಧ್ಯಾಯಗಳಿಗಿಂತ ಚಿಕ್ಕದಾಗಿಯೇ ಇರಲಿ.